ಬದಲಿ ಬಂದ ದಾರಿ

ನಮ್ಮಪ್ಪನಿಗೆ ಮನೆಗೆ ಬಾ ಎಂದು ಹೇಳಿ ಹೇಳಿ ನನ್ನ ಬಾಯಿ ಬತ್ತಿ ಹೋಗಿತ್ತು. ಫೋನಿನಲ್ಲಿ ಹೇಳಿದೆ, ಹೊಲಕ್ಕೆ ಹೋಗಿ ಹೇಳಿದೆ, ಅತ್ತು ಹೇಳಿದೆ, ಕಡೆಗೆ ಬೈದೂ ನೋಡಿದೆ. ಏನು ಮಾಡಿದರೂ ಅವನು ಮಗಳಿಗೆ ಹೇಳುವುದು ಒಂದೇ ಮಾತು.

"ಬದಲಿ ಬರ್ಲಿ ತಂಗಿ, ಬರ್ತೀನಿ."

ನಾವು ಕುರುಬರು. ನಮ್ಮ ಮನೆತನದಲ್ಲಿ ಒಂದು ಕಟ್ಟು ಇದೆ. ಹಿಂಡು ಕಾಯುವವನು ತನ್ನ ಬದಲಿ ಆಳು ಬರುವ ತನಕ ಕುರಿಹಟ್ಟಿ ಬಿಟ್ಟು ಕದಲಬಾರದು. ಬದಲಿ ಬಂದ ಮೇಲೆ ಕೋಲು, ಕಂಬಳಿ ಅವನ ಕೈಗೆ ಕೊಟ್ಟು, ಅವನು ಯಾವ ದಾರಿ ಹಿಡಿದು ಬಂದನೋ ಅದೇ ದಾರಿ ಹಿಡಿದು ಹೊರಡಬೇಕು. ನೀರೆಲ್ಲಿದೆ, ತೋಳ ಎಲ್ಲಿ ಕೂತಿದೆ ಎಂದು ಆ ದಾರಿಯಲ್ಲಿ ಬಂದವನಿಗೆ ಗೊತ್ತಿರುತ್ತದಲ್ಲ, ಅದಕ್ಕೆ. ಹೊರಟವನು ತಿರುಗಿ ನೋಡುವಂತಿಲ್ಲ. ಅಜ್ಜನ ಕಾಲದಿಂದ ನಡೆದು ಬಂದ ಈ ಕಟ್ಟನ್ನು ನಮ್ಮಪ್ಪ ಗುರುಸಿದ್ದ ಒಮ್ಮೆಯೂ ಮುರಿದವನಲ್ಲ.

ಅವನ ಬದಲಿ ಎಂದರೆ ನಮ್ಮಣ್ಣ ಯಲ್ಲೇಶ. ಹೋದ ವರ್ಷ ಬೇಸಿಗೆಯ ಅಡ್ಡಮಳೆಯ ದಿನ, ಹಲಸಿಯ ಗುಡ್ಡದಾಚೆ ಮೇಯಿಸಿಕೊಂಡಿದ್ದ ಒಂದಿಷ್ಟು ಕುರಿ ಹೊಡೆದುಕೊಂಡು ಅವನು ಅಪ್ಪನ ಬದಲಿಗೆ ಬರುತ್ತಿದ್ದ. ಗುಡ್ಡದ ನೆತ್ತಿಯಲ್ಲಿ ಸಿಡಿಲು ಹೊಡೆಯಿತು. ಅಣ್ಣನೂ ಹೋದ, ಜೊತೆಗಿದ್ದ ಕುರಿಗಳೂ ಹೋದವು. ಅವನನ್ನು ಅಲ್ಲೇ ಮಣ್ಣು ಮಾಡಿ, ಬಾಜೂಕೆ ದೊಡ್ಡ ಗುಂಡಿ ತೋಡಿ ಕುರಿಗಳನ್ನು ಹಾಕಿದರು. ಅವತ್ತು ಕೆಳಗೆ ಹಲಸಿಯ ಹೊಲದಲ್ಲಿ ಬದಲಿಗೆ ಕಾಯುತ್ತ ಕೂತ ಅಪ್ಪ ಇನ್ನೂ ಹಿಂಡು ಬಿಟ್ಟು ಎದ್ದಿರಲಿಲ್ಲ. ಬಾಡಿಗೆ ಆಳುಗಳನ್ನು ಕಳಿಸಿದರೆ, "ಕುರಿ ಇವನ ಮಾರಿ ಗುರ್ತ ಹಿಡೀವಲ್ಲವು" ಎಂದು, ಮುಖಪರಿಚಯವಿಲ್ಲದವರನ್ನು ವಾಪಸು ಅಟ್ಟುತ್ತಿದ್ದ. ಚಳಿಗೆ ಎದೆ ಕಟ್ಟಿ ಕೆಮ್ಮುತ್ತಿದ್ದ. ಇನ್ನೊಂದು ಮಳೆಗಾಲ ಅವನು ಹೊಲದಲ್ಲಿ ಮಲಗಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನಗೆ ನೇರವಾಗಿಯೇ ಹೇಳಿದ್ದರು. ಹೀಗಾಗಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಹೇಗಾದರೂ ಮಾಡಿ ಅಪ್ಪನಿಗೆ ಬದಲಿ ಹುಡುಕಬೇಕು.

ನಾನು ಶೀತಲ. ಅವ್ವನ ಜೊತೆ ಹಿಂಡಲಗಾದಲ್ಲಿರುತ್ತೇನೆ. ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ನನ್ನ ಆಫೀಸಿನ ಖೋಲಿ ಇತ್ತು. ಆಫೀಸೆಂದರೆ ಒಂದು ಮೇಜು, ಎರಡು ಖುರ್ಚಿ, ಎಲ್ಲದರ ಮೇಲೂ ಗಿರಣಿಯ ಬಿಳಿ ಹಿಟ್ಟು. ಖಾನಾಪುರ ಕಡೆ ಭತ್ತ ಕೊಯ್ದ ಮೇಲೆ ರೈತರು ಹೊಲದಲ್ಲಿ ಕುರಿ ಕೂಡ್ರಿಸಿಕೊಳ್ಳುತ್ತಾರೆ. ಹಿಂಡು ಹೊಲದಲ್ಲಿ ಮಲಗೆದ್ದರೆ ಅದರ ಹಿಕ್ಕಿ, ಉಚ್ಚೆಯೇ ಗೊಬ್ಬರ. ಯಾರ ಹೊಲಕ್ಕೆ ಯಾರ ಹಿಂಡು, ಯಾವತ್ತು, ಆ ಹಟ್ಟಿಗೆ ಬದಲಿ ಆಳು ಯಾರು ಎಂದು ದಿನವಿಡೀ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಫೋನಿನಲ್ಲಿ ಕಿರುಚಾಡುವುದೇ ನನ್ನ ದಂಧೆ. ಇದನ್ನೆಲ್ಲ ಒಂದು ಆ್ಯಪ್ ಮಾಡಿದರೆ, ಬದಲಿ ಆಳುಗಳ ಪಾಳಿ ಸರಿಯಾಗಿ ಕೂತರೆ, ಕುರಿಗಳಿಗೂ ಅವರ ಮಾರಿ ರೂಢಿಯಾಗುತ್ತದೆ, ಅಪ್ಪ ಮನೆಗೆ ಬರುತ್ತಾನೆ ಎಂದು ಲೆಕ್ಕ ಹಾಕಿದೆ.

ಆ್ಯಪ್ ಬೇಕು ಎನ್ನುವುದು ಸುಲಭ, ಮಾಡುವವನು ಸಿಗಬೇಕಲ್ಲ! ಮೊದಲು ಬೆಂಗಳೂರಿನ ಯಾವುದೋ ಕಂಪನಿಯವರು ವಿಡಿಯೋದಲ್ಲಿ ಸಾಲಾಗಿ ಕೂತರು. ಒಬ್ಬ ಕೇಳಿದ, "ಮೇಡಂ, ಶೀಪ್ ಅಂದ್ರೆ ನಿಜವಾದ ಶೀಪಾ?" ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಅಲ್ರೀ, ರಬ್ಬರಿನವು" ಎಂದು ಫೋನು ಕುಕ್ಕಿದೆ.

ಆಮೇಲೆ ಚೇತನ ಎಂಬುವನು ಬಂದ, ನಮ್ಮೂರವನೇ. ಮಾತು ಜೋರು, ಬೂಟು ಫಳಫಳ. ಇವನಾದರೂ ನೆಲದ ಮನುಷ್ಯ ಎಂದುಕೊಂಡು ಹಲಸಿಗೆ ಕರೆದೊಯ್ದೆ. ಅಪ್ಪ ಕುಡಿಯಲು ನೀರು ಕೊಟ್ಟು ಇನ್ನೂ ಕೂತಿರಲಿಲ್ಲ, ಈ ಪುಣ್ಯಾತ್ಮ ಶುರು ಹಚ್ಚಿಕೊಂಡ.

"ಕಾಕಾ, ಒಟ್ಟ ಎಷ್ಟ ಕುರಿ ಅದಾವ್ರೀ ನಿಮ್ಮಾವು?"

ಅಪ್ಪ ಕಂಬಳಿ ಕೊಡವಿ ಹೆಗಲಿಗೇರಿಸಿ ಹಿಂಡಿನೊಳಗೆ ಹೋಗಿಬಿಟ್ಟ. ನಾನು ಚೇತನನನ್ನು ಬಸ್ ಹತ್ತಿಸಿದೆ.

ತಪ್ಪು ನನ್ನದೂ ಇತ್ತು, ಮೊದಲೇ ಹೇಳಬೇಕಿತ್ತು. ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಸಂಜೆ ಹಟ್ಟಿಯೊಳಗೆ ಬಿಡುವಾಗ ಒಂದೊಂದರ ಮಾರಿ ನೋಡುತ್ತಾರೆ. ಯಾವ ಮಾರಿ ಕಾಣಲಿಲ್ಲವೋ ಅದು ತಪ್ಪಿಸಿಕೊಂಡಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಎಣಿಸೂದಂದ್ರ ಕರದಂಗ, ತಂಗಿ. ಎಲ್ಲಾರ್ನೂ ಕರದ್ರ ಎಲ್ಲಾರೂ ಬರ್ತಾರ" ಎಂದಿದ್ದ ಅಪ್ಪ. ಬಂದರೆ ಬರಲಿ, ಒಳ್ಳೆಯದೇ ಆಯಿತಲ್ಲ ಎಂದು ನಾನು ಕಿಸಕ್ಕನೆ ನಕ್ಕಿದ್ದೆ.

ಮೂರನೆಯವನು ಗೌರೀಶ. ಸದಾಶಿವನಗರದಲ್ಲೇ ನನ್ನ ಖೋಲಿಯ ಹಿಂದಿನ ಓಣಿಯವನು. ತೆಳ್ಳಗೆ, ಹಣೆಗೆ ವಿಭೂತಿ, ಮಾತು ಕಡಿಮೆ. ನಾನು ಕರೆಯುವ ಮೊದಲೇ ತನ್ನ ಬೈಕು ಹತ್ತಿ ಹಲಸಿಗೆ ಹೋಗಿ, ಇಡೀ ದಿನ ಅಪ್ಪನ ಬಾಜೂಕೆ ಕೂತು ರೊಟ್ಟಿ ತಿಂದು ಬಂದಿದ್ದ. ಅಪ್ಪನಿಗೆ ಅವನು ಕೇಳಿದ್ದು ಒಂದೇ ಮಾತಂತೆ: "ಕಾಕಾರ, ಏನ್ ಬ್ಯಾಡ ಅನ್ನೂದ ಮೊದಲ ಹೇಳ್ರಿ. ಬೇಕಾದ್ದ ಆಮ್ಯಾಲ ಕೇಳ್ತೀನಿ."

ಅಪ್ಪ ನನಗೆ ಫೋನು ಮಾಡಿ, "ಈ ಹುಡುಗ ಛಲೋ ಅದಾನ. ಇವಗ ಕೊಡು ಕೆಲಸ" ಎಂದ. ಅಣ್ಣ ಹೋದ ಮೇಲೆ ಅಪ್ಪ ಒಬ್ಬ ಮನುಷ್ಯನನ್ನು ಛಲೋ ಎಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಅವ್ವ ಪದ್ಮವ್ವನಿಗೆ ಸಂತೆಯಿಂದ ಕುಂದಾ ಒಯ್ದು ತಿನ್ನಿಸಿದೆ. ತಕ್ಕ ಮನುಷ್ಯ ಸಿಕ್ಕ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಗೌರೀಶ ಕೆಲಸವೂ ಚೊಕ್ಕ ಮಾಡಿದ. ರೈತ ಫೋನಿನಲ್ಲಿ ತನ್ನ ಹೊಲ ತೋರಿಸಿದರೆ ಸಾಕು, ಹತ್ತಿರದ ಹಿಂಡು ಯಾವುದು, ಯಾವತ್ತು ಬರುತ್ತದೆ ಎಂದು ಅದೇ ಹೇಳುತ್ತಿತ್ತು. ಕನ್ನಡವೂ ಇತ್ತು, ಮರಾಠಿಯೂ ಇತ್ತು. ಆದರೆ ರೈತರು ಬಿಡಬೇಕಲ್ಲ! ಹಿಂಡು ಎಷ್ಟು ದೊಡ್ಡದೆಂದು ತಿಳಿಯದೆ ಹೊಲಕ್ಕೆ ಸಾಲುತ್ತದೋ ಇಲ್ಲವೋ ಹೇಗೆ ಹೇಳುವುದು ಎಂದು ಎಲ್ಲರದೂ ತಕರಾರು. ಆಗ ಗೌರೀಶ ಒಂದು ಉಪಾಯ ಹೇಳಿದ.

ಹಟ್ಟಿ ಎಂದರೆ ಸುತ್ತ ಗೂಟ ಹೊಡೆದು ಕಟ್ಟಿದ ಬಲೆ. ಅದಕ್ಕೆ ಇರುವುದು ಒಂದೇ ಬಾಯಿ. ಸಂಜೆ ಕುರಿಗಳೆಲ್ಲ ಆ ಬಾಯಿಯಿಂದಲೇ ಒಳಗೆ ಹೋಗುತ್ತವೆ, ಕಟ್ಟಕಡೆಗೆ ಕಾಯುವವನು ಒಳಗೆ ಹೋಗಿ ಬಾಯಿಗೆ ಗಂಟು ಹಾಕುತ್ತಾನೆ. ಆ ಬಾಯಿಯ ಗೂಟಕ್ಕೆ ಒಂದು ಫೋನು ಕಟ್ಟಿಬಿಟ್ಟರೆ, ದಾಟಿದ ಕುರಿಯನ್ನೆಲ್ಲ ಅದೇ ನೋಡಿ ಎಣಿಸಿಕೊಳ್ಳುತ್ತದೆ ಎಂದ ಗೌರೀಶ. ನಾವು ಯಾರೂ ಬಾಯಿ ಬಿಡುವುದೂ ಬೇಡ, ಬೆರಳು ಮಡಚುವುದೂ ಬೇಡ.

ಅಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಅಲ್ಲೋ ತಮ್ಮಾ, ಎಣಿಸವ್ರ ಯಾರ ಹಂಗಾದ್ರ?"

"ಯಾರೂ ಅಲ್ರೀ ಕಾಕಾರ. ಮಷೀನು."

"ಮಷೀನ್ ಅಂದ್ರ ಯಾರೂ ಅಲ್ಲ. ಹೌದಿಲ್ಲೋ?"

"ಹೌದ್ರೀ, ಯಾರೂ ಅಲ್ಲ."

"ಹಂಗಿದ್ರ ಅಡ್ಡಿಯಿಲ್ಲ" ಎಂದ ಅಪ್ಪ. ನಾನಂತೂ ಭೇಷ್ ಎಂದು ಗೌರೀಶನ ಬೆನ್ನು ತಟ್ಟಿದೆ. ಕಟ್ಟೂ ಉಳಿಯಿತು, ದಂಧೆಯೂ ನಡೆಯಿತು ಎಂದುಕೊಂಡೆವು. ಎಂಥ ಮೂರ್ಖರು ನಾವು!

ಮೊದಲ ಸಂಜೆ ಒಂದು ಸಂಖ್ಯೆ ಬಂತು. ಎಷ್ಟು ಎಂದು ನಾನು ಹೇಳುವುದಿಲ್ಲ, ಈಗ ನನಗೂ ಬುದ್ಧಿ ಬಂದಿದೆ. ಮರುದಿನ ನೋಡಿದರೆ ಒಂದು ಹೆಚ್ಚು. ಅದರ ಮರುದಿನ ಮತ್ತೊಂದು ಹೆಚ್ಚು. ಮರಿ ಹಾಕುವ ಕಾಲ ಅಲ್ಲ. ಬೇರೆ ಹಿಂಡಿನದು ಸೇರಿಕೊಂಡಿದೆಯೇ ಎಂದು ಅಪ್ಪನನ್ನು ಕೇಳಿದೆ.

"ಪರಕೀ ಒಂದೂ ಇಲ್ಲ. ಮಾರಿ ನೋಡೇ ಒಳಗ ಬಿಡ್ತೀನಿ. ಎಲ್ಲಾ ನಮ್ಮವ" ಎಂದ. ಅವನ ದನಿ ಹಗುರಾಗಿತ್ತು. ಎಷ್ಟೋ ದಿನದ ಮೇಲೆ ಕೆಮ್ಮಿಲ್ಲದೆ ಮಾತಾಡಿದ.

ವಾರ ಕಳೆಯುವಷ್ಟರಲ್ಲಿ ಹಲಸಿಯ ಬಾಳೇಶನ ಫೋನು ಬಂತು. ಹಟ್ಟಿ ಇದ್ದದ್ದು ಅವನ ಹೊಲದಲ್ಲೇ. ಮರಾಠಿಯಲ್ಲಿ ಶುರು ಮಾಡಿ ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳುವ ಆಸಾಮಿ.

"ಕಾಯ್ ಹೋ ತಾಯಿ, ಇದೇನ್ ನಡಸೀರಿ? ಕುರಿ ದಿನಾ ಹೆಚ್ಚಾಗಾಕತ್ತಾವ ಅಂತ ಫೋನ್‌ನಾಗ ತೋರಸ್ತದ. ಹಿಕ್ಕಿ ನೋಡಿದ್ರ ಇದ್ದಷ್ಟ ಐತಿ. ಮುಂಜಾನೆ ಹೊಲದ ತುಂಬ ಅಡ್ಡಾಡಿ ನೋಡೀನಿ. ಹೆಚ್ಚಾದ ಕುರಿ ತಿನ್ನಂಗಿಲ್ಲೇನ, ಹಿಕ್ಕಿ ಹಾಕಂಗಿಲ್ಲೇನ?"

ನಾನು ಅವನ ಮೇಲೇ ಹರಿಹಾಯ್ದೆ. ನಿನ್ನ ಕಣ್ಣು ತೋರಿಸಿಕೋ ಎಂದೆ. ಆದರೆ ಫೋನಿಟ್ಟ ಮೇಲೆ, ಕೆಳಗಿನಿಂದ ಗಿರಣಿಯ ಸದ್ದು ಕೇಳುತ್ತಿದೆಯಲ್ಲ ಎಂದು ಧೈರ್ಯ ತಂದುಕೊಂಡೆ.

ಗೌರೀಶ ಮಾರಿ ಸಣ್ಣದು ಮಾಡಿಕೊಂಡು ಬಂದ. "ತಪ್ಪ ನಂದ ಇರಬೇಕ್ರೀ ಅಕ್ಕಾರ. ಒಂದ ಕುರೀನ ಎರಡ ಸಲ ಎಣಿಸಾಕತ್ತದೇನೋ" ಎಂದು ಎರಡು ದಿನ ಊಟ ಬಿಟ್ಟು ಕೂತು ನೋಡಿದ. ಫೋನು ಎಲ್ಲಾ ಕುರಿಯದೂ ಚಿತ್ರ ತೆಗೆದಿಟ್ಟಿತ್ತು. ಒಂದೇ ಮಾರಿ ಎರಡು ಸಲ ಎಲ್ಲೂ ಬಂದಿರಲಿಲ್ಲ. ಹೆಚ್ಚಾದವುಗಳ ಚಿತ್ರ ಬೇರೆ ಮಾಡಿ, "ನೀವ ಗುರ್ತ ಹಿಡೀರಿ" ಎಂದು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದ.

ಮಧ್ಯಾಹ್ನದ ಬಿಸಿಲು ಖೋಲಿಯ ತುಂಬ ಬಿದ್ದಿತ್ತು. ಮೂರನೆಯ ಚಿತ್ರಕ್ಕೆ ಬಂದಾಗ ನನ್ನ ಕೈ ನಿಂತಿತು.

ಅವಳು ಹರಕಗಿವಿ. ತಾಯಿ ಸತ್ತ ಮರಿ ಎಂದು ಅಣ್ಣ ಹಿಂಡಲಗಾಕ್ಕೆ ತಂದು ನನ್ನ ಮಡಿಲಿಗೆ ಹಾಕಿದ್ದ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದೆ. ಓಣಿಯ ನಾಯಿ ಕಚ್ಚಿ ಎಡಗಿವಿ ಎರಡು ಸೀಳಾಗಿತ್ತು. ಹಸಿವಾದರೆ ಮೂತಿಯನ್ನು ನನ್ನ ಅಂಗೈಗೆ ಒತ್ತಿ ಒತ್ತಿ ತಳ್ಳುತ್ತಿದ್ದಳು. ಸಿಡಿಲಿನ ದಿನ ಅವಳೂ ಅಣ್ಣನ ಜೊತೆ ಇದ್ದಳು. ಗುಂಡಿಗೆ ಹಾಕುವಾಗ ನಮ್ಮ ದೇವರು ಬೀರಪ್ಪನ ಭಂಡಾರದ ಅರಿಸಿನ ಅವಳ ನೆತ್ತಿಗೆ ಚೆಲ್ಲಿದವಳು ನಾನು. ಚಿತ್ರದಲ್ಲಿ ಅವಳ ನೆತ್ತಿಯ ಉಣ್ಣೆಯಲ್ಲಿ ಆ ಹಳದಿ ಹಾಗೇ ಅಂಟಿಕೊಂಡಿತ್ತು.

"ಅಕ್ಕಾರ, ಯಾಕ್ರೀ? ಏನಾತು?" ಎಂದ ಗೌರೀಶ. ನಾನು ಲ್ಯಾಪ್‌ಟಾಪು ಎತ್ತಿಕೊಂಡು, ಅವನನ್ನು ಎಳೆದುಕೊಂಡು, ಸೀದಾ ಹಿಂಡಲಗಾಕ್ಕೆ ಹೋದೆ.

ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚಿತ್ರ ನೋಡಿ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಲಿಲ್ಲ. ಮೊರ ಬದಿಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಗ್ಗಿದಳು.

"ಕೆಂಚಿ ಬಂದಾಳ. ಚುಕ್ಕಿ ಬಂದಾಳ. ಹರಕಗಿವಿ... ಅಯ್ಯ ನನ್ನವ್ವ, ನೀನೂ ಬಂದೇನ." ಕಡೆಯ ಚಿತ್ರದ ತನಕ ಒಂದೊಂದರ ಹೆಸರು ಹೇಳಿದಳು. ಆಮೇಲೆ ತನಗೆ ತಾನೇ ಎಂಬಂತೆ ಹೇಳಿದಳು. "ಜೋಲಗಿವಿ ಒಬ್ಬಾಕಿ ಬರೂದ ಉಳದೈತಿ. ಅವತ್ತ ಎಲ್ಲಾರ ಹಿಂದ ಇದ್ದಾಕಿ ಆಕಿ. ಆಕಿ ಬೆನ್ನ ಹಿಂದ ನನ್ನ ಮಗಾ ಇದ್ದ."

ಕುರಿಗಳೆಲ್ಲ ಒಳಗೆ ಹೋದ ಮೇಲೆ ಕಡೆಗೆ ಬರುವವನು ಕಾಯುವವನು. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವ್ವ ಎದ್ದು ಒಲೆ ಹಚ್ಚಿದಳು. ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಅದು ಅಣ್ಣನಿಗೆ ಪ್ರಾಣ. ಎರಡು ಬುತ್ತಿ ಕಟ್ಟಿದಳು.

"ಎರಡ ಯಾಕ ಯವ್ವಾ?"

"ಒಂದ ಬರಾವಗ, ಒಂದ ಹೋಗಾವಗ" ಎಂದಳು. ಬದಲಿಯ ದಿನ ಅವಳು ಯಾವತ್ತೂ ಕಟ್ಟುತ್ತಿದ್ದದ್ದೇ ಹಾಗೆ. ಆದರೆ ಆ ಮಾತು ಕೇಳಿದ ಮೇಲೆಯೇ ನನಗೆ ಪೂರ್ತಿ ಹೊಳೆಯಿತು. ಅಣ್ಣ ಬದಲಿಗೆ ಬರುತ್ತಾನೆ. ಅಪ್ಪ ಕೋಲು, ಕಂಬಳಿ ಅವನ ಕೈಗೆ ಕೊಡುತ್ತಾನೆ. ಕೊಟ್ಟು, ಅಣ್ಣ ಬಂದ ದಾರಿ ಹಿಡಿದು ಹೊರಡುತ್ತಾನೆ. ಆ ದಾರಿ ಗುಡ್ಡದ ನೆತ್ತಿಯ ಗುಂಡಿಗೆ ಹೋಗುತ್ತದೆಯೇ ಹೊರತು ಹಿಂಡಲಗಾಕ್ಕೆ ಬರುವುದಿಲ್ಲ.

ಗೌರೀಶ ತಮ್ಮಪ್ಪನ ಹಳೇ ಕಾರು ತಂದ. ಖಾನಾಪುರ ದಾಟಿದೆವು. ಮುಂದೆ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. "ಯಾರೂ ಅಲ್ಲ ಅಂದ್ಯಲ್ಲೋ ಭಾಡ್ಯಾ, ಯಾರೂ ಅಲ್ಲದವ ಕರದ್ರ ಇವ್ರೆಲ್ಲಾ ಹೆಂಗ ಬಂದ್ರ?" ಪಾಪ, ಅವನು ಎರಡೂ ಕೈಯಲ್ಲಿ ಸ್ಟೇರಿಂಗು ಗಟ್ಟಿ ಹಿಡಿದು, "ಹೋದ ಕೂಡ್ಲೇ ಫೋನ್ ಬಿಚ್ಚಿ ಬಂದ್ ಮಾಡ್ತೀನ್ರೀ ಅಕ್ಕಾರ" ಎಂದಷ್ಟೇ ಅಂದ. ಅವ್ವ ಹಿಂದಿನ ಸೀಟಿನಲ್ಲಿ ಬುತ್ತಿ ಮಡಿಲಲ್ಲಿಟ್ಟುಕೊಂಡು, ಮದುವೆಗೆ ಹೊರಟವಳ ಹಾಗೆ ನೆಟ್ಟಗೆ ಕೂತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ನಾವು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕೊಯ್ದ ಗದ್ದೆಯ ಕೂಳೆಯ ಮೇಲೆ ಕೆಂಪು ಬೆಳಕು. ಅಪ್ಪ ಗಡ್ಡ ಬೋಳಿಸಿಕೊಂಡು, ಒಗೆದ ಧೋತರ ಉಟ್ಟು ಹಟ್ಟಿಬಾಯಿಯ ಹತ್ತಿರ ನಿಂತಿದ್ದ. ಕುರಿಗಳು ಒಳಗೆ ಹೋಗುತ್ತಿದ್ದವು. ಒಂದೊಂದರ ಮಾರಿ ನೋಡಿ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಕೆಂಚಿ ಹೋದಳು. ಚುಕ್ಕಿ ಹೋದಳು. ಬದುಕಿದವರ ನಡುವೆ ಅವರು ಎಷ್ಟು ಸಹಜವಾಗಿ ಹೋದರೆಂದರೆ, ನನಗೆ ಗೊತ್ತಿಲ್ಲದಿದ್ದರೆ ನಾನೂ ಎಲ್ಲಾ ನಮ್ಮವೇ ಎನ್ನುತ್ತಿದ್ದೆ. ನಾಯಿಗಳೆರಡೂ ಬೊಗಳಲಿಲ್ಲ. ಗುಡ್ಡದ ಕಡೆ ನೋಡುತ್ತ ಬಾಲ ಅಲ್ಲಾಡಿಸುತ್ತಿದ್ದವು.

ಗೌರೀಶ ಓಡಿಹೋಗಿ ಗೂಟದಿಂದ ಫೋನು ಬಿಚ್ಚಿ ಬಂದ್ ಮಾಡಿದ. ಅಪ್ಪ ಸಿಟ್ಟಾಗಲಿಲ್ಲ. ನಕ್ಕ.

"ಇನ್ನ ಬಂದ್ ಮಾಡಿದ್ರೇನ ಬಂತೋ ತಮ್ಮಾ. ಕರದ ಆಗೇತಿ."

"ಅಪ್ಪಾ, ನಡಿ ಮನಿಗೆ. ಈಗಿಂದೀಗ ನಡಿ" ಎಂದು ಅವನ ತೋಳು ಹಿಡಿದು ಎಳೆದೆ. "ನಿನಗ ಇದೆಲ್ಲಾ ಗೊತ್ತಿತ್ತೇನ? ಗೊತ್ತಿದ್ದೂ ಸುಮ್ಮನಿದ್ಯಾ?"

"ಕೆಂಚಿ ಬಂದ ದಿನಾನ ಗೊತ್ತಾತು" ಎಂದ. ಅವನ ಕಣ್ಣು ಸಣ್ಣ ಹುಡುಗನ ಹಾಗೆ ಹೊಳೆಯುತ್ತಿತ್ತು. "ಬದಲಿ ಬರ್ತಾನ, ತಂಗಿ. ಅವತ್ತ ಹೊಂಟಾಂವ, ಇವತ್ತ ಬರಾಕತ್ತಾನ. ತಡಾ ಆತು, ಅಷ್ಟ."

ಆಗ ಜೋಲಗಿವಿ ಬಂದಳು. ಎಲ್ಲರ ಹಿಂದೆ, ಒಬ್ಬಳೇ. ಮೋಡ ಇಲ್ಲ, ಹನಿ ಇಲ್ಲ, ಅವಳ ಮೈಯಿಂದ ಮಾತ್ರ ನೀರು ಇಳಿಯುತ್ತಿತ್ತು. ನೆಂದ ಉಣ್ಣೆಯ ವಾಸನೆ ಗಪ್ಪನೆ ಹೊಡೆಯಿತು. ನನ್ನ ಸೀರೆಗೆ ಮೈ ಸವರಿಕೊಂಡು ಹಟ್ಟಿಯೊಳಗೆ ಹೋದಳು. ಸೀರೆಯ ಅಷ್ಟು ಜಾಗ ಒದ್ದೆಯಾಯಿತು.

ಅವಳು ಹೋದದ್ದೇ ತಡ, ಗುಡ್ಡದ ಮೇಲಿಂದ ಕೂಗು ಕೇಳಿತು. ನಾಲಿಗೆ ಮಡಚಿ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಕುರಿ ತಿರುಗಿಸಲು ನಮ್ಮಣ್ಣ ಹಾಕುತ್ತಿದ್ದ ಕೂಗು. ಬೇರೆ ಯಾರಿಗೂ ಹಾಗೆ ಬರುತ್ತಿರಲಿಲ್ಲ, ನಾನು ಎಷ್ಟು ಸಲ ಕಲಿಸು ಎಂದು ಗಂಟು ಬಿದ್ದಿದ್ದೆನೋ. ಹಟ್ಟಿಯ ಅಷ್ಟೂ ಕುರಿ ಒಮ್ಮೆಲೇ ಆ ಕಡೆ ತಲೆ ಎತ್ತಿದವು. ಅವ್ವ "ಯಪ್ಪಾ, ನನ್ನ ಕೂಸ" ಎಂದಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಅವನು ಬರಲಿ ಎನ್ನಿಸಿತು.

ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಮಡಚಿದ. ಅದರ ಮೇಲೆ ಕೋಲು ಅಡ್ಡ ಇಟ್ಟು, ಎರಡೂ ಕೈಯಲ್ಲಿ ಹಿಡಿದು, ಗುಡ್ಡದ ಕಡೆ ಮುಖ ಮಾಡಿ ನಿಂತ. ಕೂಳೆ ತುಳಿಯುವ ಸದ್ದು ಕೇಳತೊಡಗಿತು. ಕರ್‍ರ್, ಕರ್‍ರ್ ಎಂದು, ಅವಸರವಿಲ್ಲದೆ, ಇಳಿಜಾರಿನಲ್ಲಿ ಬರುತ್ತಿತ್ತು.

ಅಳುವುದು, ಕಾಲಿಗೆ ಬೀಳುವುದು, ಬೈಯುವುದು ಎಲ್ಲಾ ಮಾಡಿ ಆಗಿತ್ತು. ಅಪ್ಪ ಯಾರ ಮಾತಿಗೂ ಜಗ್ಗುವವನಲ್ಲ, ಕಟ್ಟಿಗೆ ಮಾತ್ರ ಜಗ್ಗುತ್ತಾನೆ. ಅದು ಹೊಳೆದದ್ದೇ ಅವನ ಮುಂದೆ ಹೋಗಿ, ಗುಡ್ಡಕ್ಕೆ ಬೆನ್ನು ಮಾಡಿ ನಿಂತು, ಕೈ ಚಾಚಿದೆ.

"ಕೊಡು. ಬದಲಿ ಬಂದೀನಿ."

"ಬಾಜೂಕ ಸರಿ ತಂಗಿ, ಹುಚ್ಚರಂಗ ಮಾಡಬ್ಯಾಡ. ಅಂವ ಬರಾಕತ್ತಾನ."

"ಅಂವ ಇನ್ನಾ ಬರಾಕತ್ತಾನ. ನಾ ಬಂದ ನಿಂತೀನಿ. ಮೊದಲ ಬಂದಾರಿಗೆ ಕೋಲ ಕೊಡಬೇಕೋ ಬ್ಯಾಡೋ? ನಾ ಬೆಳಗಾವಿ ರಸ್ತೆ ಹಿಡದ ಬಂದೀನಿ. ಖಾನಾಪುರದಾಗ ನೀರ ಐತಿ, ದಾರ್‍ಯಾಗ ತೋಳ ಇಲ್ಲ. ನೀನೂ ಅದ ರಸ್ತೆ ಹಿಡದ ಹೋಗು. ಏನ್, ನಮ್ಮಜ್ಜನ ಕಟ್ಟ ಮುರೀತೀಯೇನ?"

ಅಪ್ಪ ನನ್ನ ಹೆಗಲ ಮೇಲಿಂದ ಗುಡ್ಡ ನೋಡಿದ, ನನ್ನನ್ನು ನೋಡಿದ. ಸದ್ದು ಬದುವಿನ ತನಕ ಬಂದಿತ್ತು.

"ಕುರಿ ನಿನ್ನ ಮಾರಿ ಗುರ್ತ ಹಿಡೀಬೇಕಲ್ಲ" ಎಂದ, ಅಳುವ ದನಿಯಲ್ಲಿ.

ಆಗ ಹಟ್ಟಿಯೊಳಗಿಂದ ಒಂದು ಕುರಿ ಹೊರಗೆ ಬಂತು. ಸೀಳು ಕಿವಿ, ನೆತ್ತಿಗೆ ಭಂಡಾರ. ನನ್ನ ಚಾಚಿದ ಕೈ ಹತ್ತಿರ ಬಂದು, ಅಂಗೈಗೆ ಮೂತಿ ಒತ್ತಿ, ಹಾಲಿಗೆ ತಳ್ಳುತ್ತಿದ್ದ ಹಾಗೆಯೇ ತಳ್ಳಿದಳು. ಮೂತಿ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ನಾನು ಕೈ ಹಿಂದೆಗೆಯಲಿಲ್ಲ.

ಅಪ್ಪ ಅದನ್ನು ನೋಡಿದ. ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದ, ಕೋಲು ಕೈಗೆ ಕೊಟ್ಟ. ನಾನು ಬಂದ ದಾರಿ ಹಿಡಿದು, ಬಿಕ್ಕಿ ಬಿಕ್ಕಿ ಅಳುತ್ತ ಕಾರಿನ ಕಡೆ ಹೊರಟ. ತಿರುಗಿ ನೋಡಲಿಲ್ಲ. ಅವ್ವ ಹೊರಡಲು ಒಪ್ಪಲಿಲ್ಲ, ನನ್ನ ಬೆನ್ನ ಹಿಂದಿನದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ಬುತ್ತಿ ನೆಲದ ಮೇಲಿಟ್ಟಳು. ಗೌರೀಶ ಅವಳನ್ನು ಸಣ್ಣ ಕೂಸಿನ ಹಾಗೆ ಕೈಹಿಡಿದು ನಡೆಸಿಕೊಂಡು ಹೋದ.

ಹೆಜ್ಜೆಯ ಸದ್ದು ನನ್ನ ಹಿಂದೆ ಬಂದು ನಿಂತಿತು. ಉಸಿರು ಕೇಳಲಿಲ್ಲ, ನೀರು ತೊಟ್ಟಿಕ್ಕುವುದು ಮಾತ್ರ ಕೇಳಿತು. ನಾನು ತಲೆ ಎತ್ತಲಿಲ್ಲ. ನೋಡಬೇಕೆಂದು ಪ್ರಾಣ ಹೋಗುವಷ್ಟು ಆಸೆ ಇತ್ತು, ನೋಡಿದರೆ ಕೋಲು ಕೊಟ್ಟುಬಿಡುತ್ತೇನೆ ಎಂಬ ಹೆದರಿಕೆಯೂ ಇತ್ತು.

"ಅಣ್ಣಾ" ಎಂದೆ. "ಬದಲಿ ಆಗೇತಿ. ನೀ ಹೋಗು."

ಎಷ್ಟು ಹೊತ್ತು ನಿಂತಿದ್ದನೋ. ಹರಕಗಿವಿಯನ್ನು ಒಳಗೆ ತಳ್ಳಿ, ನಾನೂ ಹೋಗಿ, ನೆಲ ನೋಡುತ್ತಲೇ ಹಟ್ಟಿಬಾಯಿಗೆ ಗಂಟು ಹಾಕಿದೆ. ಬೆಳಗಾಗೆದ್ದು ನೋಡಿದರೆ ಬುತ್ತಿ ಹಾಗೇ ಇತ್ತು, ಗಂಟು ಮಾತ್ರ ಬೇರೆ ಇತ್ತು. ನಮ್ಮಣ್ಣ ಎಡಚ, ಅವನ ಗಂಟು ಉಲ್ಟಾ ಬೀಳುತ್ತಿತ್ತು. ಎಷ್ಟು ಎಳೆದರೂ ಬಿಚ್ಚದ ಆ ಗಂಟನ್ನು ನಾನು ಹಲ್ಲಿನಿಂದ ಬಿಚ್ಚಿದೆ.

ಅಪ್ಪ ಈಗ ಮನೆಯಲ್ಲಿದ್ದಾನೆ. ಕೆಮ್ಮು ಕಡಿಮೆಯಾಗಿದೆ, ಎರಡು ಹೊತ್ತು ಬಿಸಿ ಉಣ್ಣುತ್ತಾನೆ, ಅವ್ವನ ಜೊತೆ ಜಗಳ ಮಾಡುತ್ತಾನೆ. ನನಗೆ ಬೇಕಾಗಿದ್ದು ಅದೇ. ಆ್ಯಪೂ ಚೆನ್ನಾಗಿ ನಡೆಯುತ್ತಿದೆ. ಅದರಲ್ಲಿ ಈಗ ಕುರಿಯ ಸಂಖ್ಯೆ ಇಲ್ಲ, ಒಪ್ಪಿದ ರೈತ ತೆಗೆದುಕೊಳ್ಳುತ್ತಾನೆ, ಒಪ್ಪದವನು ಬಿಡುತ್ತಾನೆ. ಸದಾಶಿವನಗರದ ಖೋಲಿಯನ್ನು ಗೌರೀಶನೇ ನೋಡಿಕೊಳ್ಳುತ್ತಾನೆ. ಉಳಿದ ಎಲ್ಲಾ ಹಟ್ಟಿಗೂ ಪಾಳಿಯ ಪ್ರಕಾರ ಬದಲಿ ಆಳು ಹೋಗುತ್ತಾರೆ. ನನ್ನ ಹಟ್ಟಿಗೂ ಕಳಿಸುತ್ತಾನೆ. ಬಂದವರು ಹೊತ್ತು ಮುಳುಗುವ ತನಕ ಇರುತ್ತಾರೆ, ಕುರಿ ಒಳಗೆ ಹೋಗುವುದನ್ನು ನೋಡುತ್ತಾರೆ, ಹೇಳದೆ ಕೇಳದೆ ಓಡಿಹೋಗುತ್ತಾರೆ.

ನಾನು ಎಣಿಸುವುದಿಲ್ಲ. ಮಾರಿ ನೋಡಿ ಒಳಗೆ ಬಿಡುತ್ತೇನೆ, ಎಲ್ಲಾ ನಮ್ಮವೇ. ಹರಕಗಿವಿ ನನ್ನ ಕಾಲ ಹತ್ತಿರ ಮಲಗುತ್ತಾಳೆ, ಕಂಬಳಿ ಎಷ್ಟು ಹೊದಿಸಿದರೂ ಅವಳ ಮೈ ಬಿಸಿಯಾಗುವುದಿಲ್ಲ. ದಿನಾ ಸಂಜೆ ನಾನು ಹಾಕಿದ ಗಂಟು ದಿನಾ ಮುಂಜಾನೆ ಉಲ್ಟಾ ಆಗಿರುತ್ತದೆ. ಮೊದಮೊದಲು ಅಳು ಬರುತ್ತಿತ್ತು. ಈಗ ಗಂಟು ನೋಡಿದ ಮೇಲೆಯೇ ಚಹಾಕ್ಕೆ ನೀರಿಡುತ್ತೇನೆ.

ನಿನ್ನೆ ಗೌರೀಶ ಫೋನು ಮಾಡಿದ್ದ. "ಅಕ್ಕಾರ, ಗೂಟಕ್ಕ ಕಟ್ಟಿದ್ದ ಆ ಫೋನ್ ಇನ್ನಾ ನನ್ನ ಕಡೆ ಐತ್ರೀ. ಎಣಿಸೂದೆಲ್ಲಾ ಅದರಾಗ ಹಂಗ ಐತಿ. ಅಳಸಿ ಬಿಡ್ಲ್ಯಾ?"

ಅಳಿಸು ಎನ್ನಲು ಬಾಯಿ ತೆರೆದೆ. ಗುಡ್ಡದ ಕಡೆ ನೋಡಿದೆ. "ಇರ್ಲಿ ಬಿಡು" ಎಂದೆ.

ಆಮೇಲೆ ಅವ್ವನ ಫೋನು ಬಂತು. ಚಳಿ ಹೆಚ್ಚಾಗಿದೆಯಂತೆ, ನನ್ನ ದನಿ ಕಟ್ಟಿದ ಹಾಗೆ ಕೇಳುತ್ತದಂತೆ, ಮನೆಗೆ ಯಾವಾಗ ಬರುತ್ತೀ ಎಂದು ಕೇಳಿದಳು. ಹಿಂದಿನಿಂದ ಅಪ್ಪನೂ ಕೇಳಿದ, ಬೈದೂ ನೋಡಿದ.

"ಬದಲಿ ಬರ್ಲಿ ಯವ್ವಾ" ಎಂದೆ, "ಬರ್ತೀನಿ."